ತೊಟ್ಟಿಯ ನೀರು, ತೊಟ್ಟಿಯ ಮೀನು

ನಮ್ಮ ಹುನಗುಂದದ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಹಂಡೆ, ಕೊಡ, ಹರವಿ, ಸಿಮೆಂಟಿನ ತೊಟ್ಟಿ ಎಲ್ಲವನ್ನೂ ತುಂಬಿಸಿ ಇಡುತ್ತೇವೆ. ನೀರು ಕೂಡಿಡುವುದು ತಪ್ಪಲ್ಲ. ಇಡದೆ ಮಾಡುವುದಾದರೂ ಏನು? ಆದರೆ ನಾವು ಕೂಡಿಟ್ಟ ನೀರಿಗೆ ನಮಗಿಂತ ಮೊದಲು ಸೊಳ್ಳೆ ಬರುತ್ತದೆ.

ನಿಮ್ಮ ತೊಟ್ಟಿಯ ಮುಚ್ಚಳ ತೆಗೆದು ನೋಡಿರಿ. ಸಣ್ಣ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿವೆಯೇ? ಅವು ಸೊಳ್ಳೆಯ ಮರಿಗಳು. ಎಂಟು ಹತ್ತು ದಿನಗಳಲ್ಲಿ ರೆಕ್ಕೆ ಬಂದು ಹಾರಿಹೋಗುತ್ತವೆ. ಡೆಂಗ್ಯೂ, ಚಿಕೂನ್‌ಗುನ್ಯಾ ತರುವ ಸೊಳ್ಳೆ ಗಟಾರದ ಸೊಳ್ಳೆಯಲ್ಲ. ಅದಕ್ಕೆ ತಿಳಿನೀರೇ ಬೇಕು. ಹಗಲು ಹೊತ್ತಿನಲ್ಲಿ ಕಡಿಯುತ್ತದೆ. ಮೈಮೇಲೆ ಬಿಳಿ ಪಟ್ಟೆ ಇರುತ್ತದೆ.

2006ರಲ್ಲಿ ಕರ್ನಾಟಕದ ತುಂಬ ಚಿಕೂನ್‌ಗುನ್ಯಾ ಹರಡಿತ್ತು. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ತವರು ಇಳಕಲ್ಲು. ಮಗ್ಗದ ಮನೆ. ಅವರು ಹೇಳಿದರು: "ಆಗ ನನ್ನ ಕೈಬೆರಳು ಮಡಚಾಕ ಬರಲಿಲ್ರೀ ಅಕ್ಕೋರ. ಜ್ವರ ನಾಲ್ಕು ದಿನಕ್ಕ ಹೋತು. ಕೀಲು ನೋವು ಮೂರು ತಿಂಗಳು ಬಿಡಲಿಲ್ಲ. ಮಗ್ಗ ಸುಮ್ಮನ ನಿಂತಿತ್ತು. ಕೂಲಿನೂ ನಿಂತಿತ್ತು."

ಕೊಡ, ಹರವಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ತಿಕ್ಕಿ ತೊಳೆದು, ಒಣಗಿಸಬಹುದು. ತಿಕ್ಕಲೇಬೇಕು. ಏಕೆಂದರೆ ಈ ಸೊಳ್ಳೆಯ ಮೊಟ್ಟೆ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದರೆ ದೊಡ್ಡ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಲು ನಮಗೆ ಮನಸ್ಸು ಬರುವುದಿಲ್ಲ. ಅಂಥ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು.

ಗಪ್ಪಿ ಬಹಳ ಸಣ್ಣ ಮೀನು. ಹೆಣ್ಣು ನಮ್ಮ ಹೆಬ್ಬೆರಳಿನಷ್ಟು. ಗಂಡು ಇನ್ನೂ ಸಣ್ಣದು, ಆದರೆ ಬಣ್ಣ ಎಲ್ಲ ಅದಕ್ಕೇ! ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸೊಳ್ಳೆ ಮರಿಗಳನ್ನು ಹುಡುಕಿ ತಿನ್ನುತ್ತದೆ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟರು. ಅಲ್ಲಿ ಮಲೇರಿಯಾ ಬಹಳ ಕಡಿಮೆಯಾಯಿತು. ಮೀನು ಬೇಕೆಂದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಮೀನು ತಂದರೆ ಸಾಲದು. ಅದನ್ನು ಉಳಿಸಿಕೊಳ್ಳಬೇಕು. ನಾವು ಇದನ್ನು ಕಷ್ಟಪಟ್ಟು ಕಲಿತೆವು.

ನಮ್ಮ ಕೇಂದ್ರದಲ್ಲಿ ಎಲ್ಲರೂ ನೋಡಲಿ ಎಂದು ಗಾಜಿನ ತೊಟ್ಟಿಯಲ್ಲಿ ಹತ್ತು ಗಪ್ಪಿ ಇಟ್ಟೆವು. ಬಂದವರೆಲ್ಲ ಚುರುಮರಿ, ರೊಟ್ಟಿ ಚೂರು ಹಾಕಿದರು. ಎಂಟು ದಿನಕ್ಕೆ ನೀರು ಮಬ್ಬಾಯಿತು, ವಾಸನೆ ಬಂತು. ಒಬ್ಬ ಅಕ್ಕ ಒಳ್ಳೆ ಮನಸ್ಸಿನಿಂದ ತೊಟ್ಟಿಯನ್ನು ಸೋಪಿನ ಪುಡಿ ಹಾಕಿ ತಿಕ್ಕಿ, ಆಗತಾನೆ ಬಂದ ನಲ್ಲಿ ನೀರು ತುಂಬಿದರು. ಮರುದಿನ ಬೆಳಿಗ್ಗೆ ಹತ್ತೂ ಮೀನು ತೇಲುತ್ತಿದ್ದವು.

"ಇಷ್ಟು ಚೊಲೋ ತೊಳದ್ರೂ ಸತ್ತುವಲ್ರೀ!" ಎಂದು ಅವರು ಅತ್ತೇಬಿಟ್ಟರು. ತಪ್ಪು ಅವರದಲ್ಲ. ಮೊದಲೇ ಹೇಳದ ನಮ್ಮದು.

ಏನಾಯಿತು ನೋಡಿರಿ. ಮೀನಿನ ಹೇಲು, ಉಚ್ಚೆ, ತಿನ್ನದೆ ಉಳಿದ ತಿಂಡಿ ಕೊಳೆತಾಗ ನೀರಿನಲ್ಲಿ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದೇ ಇದು. ಇದನ್ನು ತಿಂದು ಸೌಮ್ಯ ಮಾಡುವ ಸೂಕ್ಷ್ಮ ಜೀವಿಗಳೂ ತೊಟ್ಟಿಯಲ್ಲೇ ಹುಟ್ಟುತ್ತವೆ. ಹಾಲನ್ನು ಮೊಸರು ಮಾಡುವ ಹೆಪ್ಪು ಇದ್ದಂತೆ ಅವು. ಕಲ್ಲು, ಗೋಡೆ, ಸ್ಪಂಜು ಹಿಡಿದುಕೊಂಡು ಇರುತ್ತವೆ. ಅವು ಬೆಳೆಯಲು ಒಂದು ತಿಂಗಳಾದರೂ ಬೇಕು. ಸೋಪು ಹಾಕಿ ತಿಕ್ಕಿದಾಗ ಹೆಪ್ಪೇ ಹೋಯಿತು. ಸೋಪಿನ ಅಂಶ ಉಳಿದರೆ ಅದೂ ಮೀನಿಗೆ ವಿಷ. ಅದರ ಮೇಲೆ ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪುಡಿ ಇತ್ತು. ನಮಗೆ ಒಳ್ಳೆಯದನ್ನು ಮಾಡುವ ಪುಡಿ ಮೀನಿನ ಕಿವಿರು ಸುಡುತ್ತದೆ.

ಈಗ ಹೀಗೆ ಮಾಡುತ್ತಿದ್ದೇವೆ. ನಲ್ಲಿ ನೀರನ್ನು ಅಗಲ ಬಾಯಿಯ ಬುಟ್ಟಿಯಲ್ಲಿ, ಬಕೀಟಿನಲ್ಲಿ ಒಂದು ದಿನ ಬಿಸಿಲಿಗೆ ಇಡುತ್ತೇವೆ. ಬ್ಲೀಚಿಂಗ್ ಹಾರಿಹೋಗುತ್ತದೆ. ನೀರು ತಣ್ಣಗಾದ ಮೇಲೆ ಹಾಕುತ್ತೇವೆ. ವಾರಕ್ಕೊಮ್ಮೆ ತಳದ ಹೊಲಸಿನ ಸಮೇತ ಕಾಲು ಭಾಗ ನೀರು ತೆಗೆದು, ಅಷ್ಟೇ ಹೊಸ ನೀರು ಹಾಕುತ್ತೇವೆ. ಪೂರ್ತಿ ಎಂದೂ ಬದಲಿಸುವುದಿಲ್ಲ. ತೆಗೆದ ನೀರು ಕರಿಬೇವಿನ ಗಿಡಕ್ಕೆ ಒಳ್ಳೆ ಗೊಬ್ಬರ. ಗೋಡೆಯ ಹಸಿರು ಪಾಚಿಯನ್ನು ಬರೀ ಬಟ್ಟೆಯಿಂದ ಒರೆಸುತ್ತೇವೆ. ತಿಂಡಿ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಒಂದು ಕೊಡ ನೀರಿಗೆ ಮೂರು ನಾಲ್ಕು ಮೀನು ಸಾಕು.

ಗಾಜಿನ ತೊಟ್ಟಿಗೆ ನೀರು ಸೋಸುವ ಸ್ಪಂಜು ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಪಂಪು ಗಾಳಿ ಊದುತ್ತದೆ. ಗಾಳಿಯ ಗುಳ್ಳೆ ಮೇಲೇರುವಾಗ ನೀರನ್ನೂ ಎಳೆಯುತ್ತದೆ. ಆ ನೀರು ಸ್ಪಂಜಿನೊಳಗಿಂದ ಹಾಯುತ್ತದೆ, ಹೊಲಸು ಸ್ಪಂಜಿನಲ್ಲಿ ನಿಲ್ಲುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿರಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿರಿ. ಹೆಪ್ಪು ಉಳಿಯಬೇಕಲ್ಲ! ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿರಿ. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ನಳಿಗೆಯಲ್ಲಿ ಹಿಂದಕ್ಕೆ ಬಂದು ಪಂಪಿಗೆ ಇಳಿಯುತ್ತದೆ. ಹಸಿ ಕೈಯಲ್ಲಿ ಪ್ಲಗ್ಗು ಮುಟ್ಟಬೇಡಿರಿ.

ಅಂಗಳದ ಸಿಮೆಂಟು ತೊಟ್ಟಿಗೆ ಪಂಪು ಬೇಡ. ಮೀನು ಕಡಿಮೆ ಇರಲಿ, ಸೊಳ್ಳೆ ಮರಿಯೇ ಅವಕ್ಕೆ ಊಟ. ಹೊಸ ತೊಟ್ಟಿಯಾದರೆ ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿರಿ. ಸಿಮೆಂಟಿನ ಸುಣ್ಣ ಬಿಡಬೇಕು. ಬಳಸುವಾಗ ತಳದಲ್ಲಿ ಕಾಲು ಭಾಗ ಹಳೆ ನೀರು ಬಿಡಿರಿ. ಹೊಸ ನೀರಿಗೆ ಬ್ಲೀಚಿಂಗ್ ವಾಸನೆ ಜೋರಿದ್ದರೆ ಮೀನನ್ನು ಹಳೆ ನೀರಿನ ಬಕೀಟಿನಲ್ಲಿ ಒಂದು ದಿನ ಇಡಿರಿ. ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಬಣ್ಣದ ಪಾತ್ರೆ ಈ ತೊಟ್ಟಿಗೆ ಅದ್ದಬೇಡಿರಿ.

ಮೀನು ಹೆಚ್ಚಾದರೆ ನೆರೆಮನೆಗೆ ಕೊಡಿರಿ. ಹಳ್ಳಕ್ಕೆ, ಕೆರೆಗೆ, ಮಲಪ್ರಭೆಗೆ ಬಿಡಬೇಡಿರಿ. ಗಪ್ಪಿ ಹೊರದೇಶದ ಮೀನು. ಹೊಳೆಯಲ್ಲಿ ಹೆಚ್ಚಾದರೆ ನಮ್ಮ ಊರ ಮೀನುಗಳ ಮರಿಯನ್ನೇ ತಿಂದೀತು.

ಇನ್ನೊಂದು ಮಾತು. ಮೀನಿನ ತೊಟ್ಟಿ ಬಟ್ಟೆ ಪಾತ್ರೆಗೆ, ದನಕ್ಕೆ. ಕುಡಿಯುವ ನೀರು ಬೇರೆ. ಅದನ್ನು ಸೋಸಿ, ಕುದಿಸಿ, ಮುಚ್ಚಿಡಿರಿ. ಸೋಸುವುದು ಸಣ್ಣ ಕೆಲಸ ಎಂದು ತಿಳಿಯಬೇಡಿರಿ. ಹಿಂದೆ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ನೀರಿನಿಂದ ನಾರುಹುಣ್ಣು ಬರುತ್ತಿತ್ತು. ಕಾಲಿನಿಂದ ಮೊಳದುದ್ದದ ಹುಳು ಹೊರಬರುತ್ತಿತ್ತು. ನಿಮ್ಮ ಅಜ್ಜಿಯನ್ನು ಕೇಳಿದರೆ ಹೇಳಿಯಾರು. ಅದಕ್ಕೆ ಲಸಿಕೆ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಮೆಟ್ಟಿಲು ಬಾವಿಗಳನ್ನು ಸರಿಪಡಿಸಿ ಅದನ್ನು ಓಡಿಸಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ನಮ್ಮ ದೇಶಕ್ಕೆ ಆ ರೋಗ ಇಲ್ಲವೆಂಬ ಪ್ರಮಾಣಪತ್ರ ಸಿಕ್ಕಿತು.

ಮಾಡಿರಿ, ಬರೆಯಿರಿ

ನಿಮ್ಮ ತೊಟ್ಟಿಯ ಹೊರಗೋಡೆಯ ಮೇಲೆ ಸೀಮೆಸುಣ್ಣದಿಂದ ನೀರು ಬದಲಿಸಿದ ತಾರೀಖು ಬರೆಯಿರಿ.

ಒಂದು ತೊಟ್ಟಿಗೆ 12 ಕೊಡ ನೀರು ಹಿಡಿಯುತ್ತದೆ. ಕಾಲು ಭಾಗ ಎಂದರೆ ಎಷ್ಟು ಕೊಡ?

ನಿಮ್ಮ ಮನೆಯಲ್ಲಿ ನೀರು ನಿಲ್ಲುವ ಜಾಗ ಎಷ್ಟು? ಒಡೆದ ಗಡಿಗೆ, ಹಳೆ ಟೈರು, ದನದ ದೋಣಿ ಎಲ್ಲ ನೋಡಿ ಪಟ್ಟಿ ಮಾಡಿರಿ. ನಾಳೆ ಕೇಂದ್ರಕ್ಕೆ ಬರುವಾಗ ತನ್ನಿರಿ.