ಒಂಬತ್ತು ರಾತ್ರಿ, ಎರಡು ರೈಲು: ಅಕ್ಕ-ಭಾವನ ಇಟಲಿ ಪ್ಲಾನ್‌ನಿಂದ ಕಲಿತ ಪಾಠ

ಈ ಸಲದ ಪಾಠ ಸಿಲಬಸ್‌ನಲ್ಲಿ ಇಲ್ಲ. ಆದರೆ ಸಿಲಬಸ್‌ನಲ್ಲಿ ಓದಿದ್ದು ಇದರಲ್ಲಿ ತುಂಬಾ ಕೆಲಸಕ್ಕೆ ಬಂತು. ನಾವು ಅಂದ್ರೆ ಹಾಸ್ಟೆಲ್‌ನ ಒಂದೇ ರೂಮಿನ ಮೂವರು. ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮಲ್ಲೊಬ್ಬನ ಅಕ್ಕನ ಮದುವೆಗೆ ಇನ್ನೇನು ಒಂದು ವರ್ಷ ತುಂಬುತ್ತೆ. ಭಾವನಿಗೆ ನೈಟ್ ಶಿಫ್ಟ್, ಅಕ್ಕನಿಗೆ ಬೆಳಗ್ಗೆ ಆಫೀಸು. ಅವರು ಬರೋ ಹೊತ್ತಿಗೆ ಇವಳು ಹೊರಟಿರ್ತಾಳೆ. ಇಬ್ಬರೂ ದುಡ್ಡು ಕೂಡಿಟ್ಟು, ಮೊದಲ ವರ್ಷದ ನೆನಪಿಗೆ ಇಟಲಿಗೆ ಹೋಗೋಣ, ಊರಿಂದ ಊರಿಗೆ ರೈಲಿನಲ್ಲೇ ಓಡಾಡೋಣ ಅಂತ ತೀರ್ಮಾನ ಮಾಡಿದ್ರು. ಪ್ಲಾನ್ ಮಾಡೋ ಕೆಲಸ ನಮಗೆ ಬಂತು. "ಎಂಜಿನಿಯರ್‌ಗಳು ತಾನೆ, ಮಾಡಿ ಕೊಡ್ರೋ" ಅಂದ್ಲು ಅಕ್ಕ.

ಒಂದೇ ರಾತ್ರಿಯಲ್ಲಿ ಸ್ಪ್ರೆಡ್‌ಶೀಟ್ ರೆಡಿ ಮಾಡಿದ್ವಿ. ಶನಿವಾರ ಇಳಿದು, ಮುಂದಿನ ವಾರದ ಸೋಮವಾರ ರೋಮ್‌ನಿಂದ ವಾಪಸ್ ವಿಮಾನ. ಒಟ್ಟು ಒಂಬತ್ತು ರಾತ್ರಿ. ಮಿಲಾನ್ 1, ವೆರೋನಾ 1, ವೆನಿಸ್ 1, ಬೊಲೋನ್ಯಾ 1, ಫ್ಲಾರೆನ್ಸ್ 2, ರೋಮ್ 2, ನೇಪಲ್ಸ್ 1. ಏಳು ಊರು! ನಮಗೆ ತುಂಬಾ ಹೆಮ್ಮೆ.

ಅಕ್ಕ ಅದನ್ನು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದ್ಲು: "ಬುಧವಾರ ನಮ್ಮ ಮದುವೆ ಆದ ದಿನ ಕಣ್ರೋ. ಅವತ್ತು ನಾವು ಎಲ್ಲಿರ್ತೀವಿ ನೋಡಿದ್ರಾ?" ನೋಡಿದ್ವಿ. ಬೊಲೋನ್ಯಾ ಸ್ಟೇಷನ್ನಿನಲ್ಲಿ, ಸೂಟ್‌ಕೇಸ್ ಎಳ್ಕೊಂಡು, ಫ್ಲಾರೆನ್ಸ್ ರೈಲಿಗೆ ಕಾಯ್ತಾ ಇದ್ರು. ಭಾವ ಮಾತ್ರ "ಪರವಾಗಿಲ್ಲ ಬಿಡ್ರೋ" ಅಂದ್ರು. ಅದೇ ನಮಗೆ ಜಾಸ್ತಿ ಚುಚ್ಚಿದ್ದು.

ಹಾಗಾಗಿ ಎಲ್ಲಾ ಅಳಿಸಿ ಮತ್ತೆ ಶುರು ಮಾಡಿದ್ವಿ. ಮಾಡಿದ ಕ್ರಮ ಇಲ್ಲಿದೆ.

ಹೆಜ್ಜೆ 1: ಏನನ್ನು ಹೆಚ್ಚಿಸಬೇಕು?

ಆಪ್ಟಿಮೈಸೇಷನ್ ಪಾಠದಲ್ಲಿ ಮೊದಲು ಬರೆಯೋದು ಆಬ್ಜೆಕ್ಟಿವ್ ಫಂಕ್ಷನ್. ನಾವು ಕೇಳದೇನೇ "ಊರುಗಳ ಸಂಖ್ಯೆ ಗರಿಷ್ಠ" ಅಂತ ಬರೆದುಕೊಂಡಿದ್ವಿ. ಅಕ್ಕನನ್ನು ಕೇಳಿದ್ರೆ ಅವಳ ಉತ್ತರ ಬೇರೆ: "ಇಬ್ರೂ ಕೂತು ನಿಧಾನಕ್ಕೆ ತಿಂಡಿ ತಿನ್ನಬೇಕು. ಈ ವರ್ಷದಲ್ಲಿ ಅದು ಭಾನುವಾರ ಬಿಟ್ರೆ ಆಗಿದ್ದೇ ಇಲ್ಲ." ಅಂದ್ರೆ ಹೆಚ್ಚಿಸಬೇಕಾದ್ದು ಇಬ್ಬರೂ ಒಟ್ಟಿಗೆ, ಗಡಿಬಿಡಿ ಇಲ್ಲದೆ ಇರೋ ಗಂಟೆಗಳನ್ನು. ಫಂಕ್ಷನ್ ತಪ್ಪಾದ್ರೆ ಲೆಕ್ಕ ಎಷ್ಟು ಸರಿ ಇದ್ರೂ ಉತ್ತರ ತಪ್ಪೇ.

ಹೆಜ್ಜೆ 2: ನಕ್ಷೆಯನ್ನು ಗ್ರಾಫ್ ಅಂತ ನೋಡಿ

ಏಳು ಊರನ್ನು 5040 ಕ್ರಮದಲ್ಲಿ ಜೋಡಿಸಬಹುದು. ಟ್ರಾವೆಲಿಂಗ್ ಸೇಲ್ಸ್‌ಮನ್ ಸಮಸ್ಯೆ ಅಂತ ಕೋಡ್ ಬರೆಯೋಕೆ ಕೂತಿದ್ದೆವು ಕೂಡ. ಬೇಕಾಗಲೇ ಇಲ್ಲ. ಇಟಲಿಯ ಹೈಸ್ಪೀಡ್ ರೈಲು ಜಾಲ ಬೆನ್ನುಮೂಳೆ ಇದ್ದ ಹಾಗೆ. ಮಿಲಾನ್ ಕಡೆಯ ದಾರಿ, ವೆನಿಸ್ ಕಡೆಯ ದಾರಿ ಎರಡೂ ಬೊಲೋನ್ಯಾದಲ್ಲಿ ಸೇರುತ್ತವೆ. ಅಲ್ಲಿಂದ ಫ್ಲಾರೆನ್ಸ್, ರೋಮ್, ನೇಪಲ್ಸ್ ಒಂದರ ಕೆಳಗೆ ಒಂದು. ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಎರಡೂ ಕಾಲು ಗಂಟೆ ಆಸುಪಾಸು, ಫ್ಲಾರೆನ್ಸ್‌ನಿಂದ ರೋಮ್‌ಗೆ ಒಂದೂವರೆ ಗಂಟೆ, ರೋಮ್‌ನಿಂದ ನೇಪಲ್ಸ್‌ಗೆ ಒಂದು ಗಂಟೆ ಹತ್ತು ನಿಮಿಷ. ಫ್ಲಾರೆನ್ಸ್-ರೋಮ್ ಅಂದ್ರೆ ಹೆಚ್ಚು ಕಡಿಮೆ ಬೆಂಗಳೂರಿಂದ ದಾವಣಗೆರೆಯಷ್ಟು ದೂರ. ಊಹೆ ಮಾಡ್ಕೊಳ್ಳಿ.

ಇಲ್ಲಿ ಎರಡು ಪಾಠ. ಒಂದು: ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ. ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಿಂದ ವಿಮಾನ ಹತ್ತಿ. ನಾವು ವೆನಿಸ್‌ನಲ್ಲಿ ಇಳಿದು ರೋಮ್‌ನಿಂದ ಹೊರಡೋ ಹಾಗೆ ಮಾಡಿದ್ವಿ. ಎರಡು: ಬೋರ್ಡಿನ ಮೇಲೆ ಇಟಾಲಿಯನ್ ಹೆಸರಿರುತ್ತೆ. ಫ್ಲಾರೆನ್ಸ್ ಅಂದ್ರೆ ಫಿರೆಂಜೆ, ವೆನಿಸ್ ಅಂದ್ರೆ ವೆನೇಜಿಯಾ, ನೇಪಲ್ಸ್ ಅಂದ್ರೆ ನಾಪೊಲಿ. ವೆನಿಸ್‌ಗೆ ಎರಡು ಸ್ಟೇಷನ್: ಮೆಸ್ತ್ರೆ ಇರೋದು ನೆಲದ ಕಡೆ, ಸಾಂತಾ ಲೂಚಿಯಾ ಇರೋದು ನೀರಿನ ಆಚೆ, ನಿಜವಾದ ಊರಿನಲ್ಲಿ. ಹೋಟೆಲ್ ದ್ವೀಪದಲ್ಲಿದ್ದರೆ ಟಿಕೆಟ್ ಸಾಂತಾ ಲೂಚಿಯಾದಿಂದಲೇ ಬೇಕು. ಈ ಎರಡರ ಮಧ್ಯೆ ನೀರಿನ ಮೇಲೆ ಹೋಗೋ ರೈಲು ಸೇತುವೆ 1846ರದ್ದು.

ಸಿವಿಲ್ ಮತ್ತು ಇಇಇ ಮಿತ್ರರಿಗೆ ಒಂದು ಮಾತು. ಬೊಲೋನ್ಯಾ-ಫ್ಲಾರೆನ್ಸ್ ಹೈಸ್ಪೀಡ್ ಲೈನ್ 2009ರಲ್ಲಿ ತೆರೆಯಿತು. ಸುಮಾರು 78 ಕಿ.ಮೀ.ನಲ್ಲಿ 73 ಕಿ.ಮೀ. ಸುರಂಗವೇ. ಕಿಟಕಿ ಸೀಟಿಗೆ ಜಗಳ ಆಡಿ ಏನೂ ಪ್ರಯೋಜನ ಇಲ್ಲ. ಹೊಸ ಹೈಸ್ಪೀಡ್ ಲೈನ್‌ಗಳಲ್ಲಿ ನಮ್ಮ ದೇಶದ ಹಾಗೆ 25 ಕಿಲೋವೋಲ್ಟ್ ಎಸಿ, ಹಳೇ ಲೈನ್‌ಗಳಲ್ಲಿ 3 ಕಿಲೋವೋಲ್ಟ್ ಡಿಸಿ. ಫ್ರೆಚ್ಚಾರೊಸ್ಸಾ ರೈಲು ಎರಡರಲ್ಲೂ ಓಡುತ್ತೆ.

ಹೆಜ್ಜೆ 3: ಎರಡು ಗಂಟೆಯ ರೈಲು ಐದು ಗಂಟೆ ತಿನ್ನುತ್ತೆ

ನಮ್ಮ ದೊಡ್ಡ ತಪ್ಪು ಇದೇ. ರೈಲಿನ ಸಮಯವನ್ನೇ ಪ್ರಯಾಣದ ಸಮಯ ಅಂದುಕೊಂಡಿದ್ವಿ. ವೆನಿಸ್‌ನಿಂದ ಫ್ಲಾರೆನ್ಸ್‌ಗೆ ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ: ಸಾಮಾನು ಕಟ್ಟಿ ಚೆಕ್‌ಔಟ್ 30 ನಿಮಿಷ. ದೋಣಿ ಬಸ್ಸಿನಲ್ಲಿ (ಅಲ್ಲಿ ವಪೊರೆತ್ತೊ ಅಂತಾರೆ) ಸ್ಟೇಷನ್‌ಗೆ 40 ನಿಮಿಷ. ಮೊದಲೇ ಹೋಗಿ ಕಾಯೋದು 30. ರೈಲು 135. ಇಳಿದು ಹೋಟೆಲ್ ಹುಡುಕೋದು 30. ಚೆಕ್‌ಇನ್, ಸುಧಾರಿಸಿಕೊಳ್ಳೋದು 35. ಒಟ್ಟು 300 ನಿಮಿಷ, ಸರಿಯಾಗಿ ಐದು ಗಂಟೆ. ವೆನಿಸ್‌ನ ಸೇತುವೆಗಳಿಗೆ ಮೆಟ್ಟಿಲು ಇರೋದರಿಂದ ಚಕ್ರದ ಸೂಟ್‌ಕೇಸನ್ನೂ ಎತ್ತಿಕೊಂಡೇ ಹೋಗಬೇಕು. ಹೋಟೆಲ್ ದೋಣಿ ನಿಲ್ದಾಣದ ಪಕ್ಕ ಇದ್ರೆ ಸೊಂಟ ಉಳಿಯುತ್ತೆ.

ಈಗ ಹೋಲಿಸಿ. ಮೊದಲ ಪ್ಲಾನ್‌ನಲ್ಲಿ ಆರು ಸಲ ಊರು ಬದಲಾವಣೆ: 6 × 5 = 30 ಗಂಟೆ. ದಿನಕ್ಕೆ ಓಡಾಡೋಕೆ ಹತ್ತು ಗಂಟೆ ಸಿಗುತ್ತೆ ಅಂದುಕೊಂಡ್ರೆ ಮೂರು ಇಡೀ ದಿನ ಹೋಯ್ತು. ವೆನಿಸ್, ಫ್ಲಾರೆನ್ಸ್, ರೋಮ್ ತಲಾ ಮೂರು ರಾತ್ರಿ ಅಂತ ಮಾಡಿದ್ರೆ ಎರಡೇ ಬದಲಾವಣೆ, 10 ಗಂಟೆ, ಒಂದು ದಿನ. ನಾಲ್ಕು ಊರು ಬಿಟ್ಟಿದ್ದಕ್ಕೆ ಎರಡು ದಿನ ವಾಪಸ್ ಸಿಕ್ತು.

ಹೆಜ್ಜೆ 4: ಟಿಕೆಟ್‌ನಲ್ಲಿ ಎರಡು ಜಾತಿ

ಹೈಸ್ಪೀಡ್ ರೈಲು ಓಡಿಸೋರು ಇಬ್ಬರು: ಸರ್ಕಾರಿ ಒಡೆತನದ ಟ್ರೆನಿಟಾಲಿಯಾ, 2012ರಲ್ಲಿ ಶುರುವಾದ ಖಾಸಗಿ ಇಟಾಲೊ. ಇಬ್ಬರದ್ದೂ ವಿಮಾನದ ಹಾಗೆ, ಬೇಗ ತಗೊಂಡ್ರೆ ಅಗ್ಗ, ಕೊನೆಗೆ ದುಬಾರಿ. ಸೀಟು ಇದ್ರೆ ಟಿಕೆಟ್, ಇಲ್ಲಾಂದ್ರೆ ಇಲ್ಲ. ನಮ್ಮ ವೇಟಿಂಗ್ ಲಿಸ್ಟ್, ಆರ್‌ಎಸಿ ಅಲ್ಲಿಲ್ಲ. ಅಗ್ಗದ ಟಿಕೆಟ್‌ಗೆ ಒಂದು ಷರತ್ತು: ಆ ರೈಲೇ ಹತ್ತಬೇಕು, ಬದಲಾಯಿಸೋಕೆ ಆಗಲ್ಲ ಅಥವಾ ತುಂಬಾ ಕಷ್ಟ. ಟ್ರೆನಿಟಾಲಿಯಾದ 'ಬಾಜೆ' ದರಕ್ಕೆ ದುಡ್ಡು ಜಾಸ್ತಿ, ಆದರೆ ಬದಲಾಯಿಸಬಹುದು.

ರೆಜಿಯೊನಾಲೆ ಅಂದ್ರೆ ನಮ್ಮ ಪ್ಯಾಸೆಂಜರ್ ಥರದ್ದು. ದರ ದೂರದ ಮೇಲೆ. ಇವತ್ತು ತಗೊಂಡ್ರೂ ಅಷ್ಟೇ, ಒಂದು ತಿಂಗಳ ಮೊದಲು ತಗೊಂಡ್ರೂ ಅಷ್ಟೇ. ಸೀಟು ನಂಬರ್ ಇಲ್ಲ. ಕಾಗದದ ಟಿಕೆಟ್ ಆದ್ರೆ ಹತ್ತೋ ಮೊದಲು ಪ್ಲಾಟ್‌ಫಾರ್ಮ್ ಹತ್ತಿರದ ಚಿಕ್ಕ ಮೆಷಿನ್ನಿಗೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಮರೆತ್ರೆ ಕೈಯಲ್ಲಿ ಟಿಕೆಟ್ ಇದ್ರೂ ದಂಡ. ಮೊಬೈಲ್ ಟಿಕೆಟ್ ಆದ್ರೆ ಆನ್‌ಲೈನ್ ಚೆಕ್‌ಇನ್ ಮಾಡಬೇಕು.

ಇದರಿಂದ ನಮಗೊಂದು ಒಳ್ಳೇ ಉಪಾಯ ಸಿಕ್ತು. ಮದುವೆ ಆದ ದಿನ, ಬುಧವಾರ, ಇಬ್ಬರೂ ಫ್ಲಾರೆನ್ಸ್‌ನಲ್ಲಿ. ಆ ದಿನಕ್ಕೆ ಏನೂ ಬುಕ್ ಮಾಡಲಿಲ್ಲ. ಬೆಳಗ್ಗೆ ಎದ್ದು ತಿಂಡಿ ತಿಂದು, ಮನಸ್ಸಾದ್ರೆ ರೆಜಿಯೊನಾಲೆ ಹತ್ತಿ ಲುಕ್ಕಾಗೆ ಹೋಗಬಹುದು, ಒಂದೂಕಾಲು ಗಂಟೆ ಆಚೀಚೆ. ಆ ಊರಿನ ಸುತ್ತ ಹಳೇ ಕೋಟೆಗೋಡೆ ಪೂರ್ತಿ ಉಳಿದಿದೆ, ಸುಮಾರು ನಾಲ್ಕು ಕಿ.ಮೀ. ಅದರ ಮೇಲೆ ಸೈಕಲ್ ಬಾಡಿಗೆಗೆ ತಗೊಂಡು ಸುತ್ತಬಹುದು. ಮನಸ್ಸಿಲ್ಲಾಂದ್ರೆ ಹೋಗೋದೇ ಬೇಡ, ಒಂದು ಯೂರೋನೂ ನಷ್ಟ ಇಲ್ಲ.

ಹೆಜ್ಜೆ 5: ಯಾವುದು ಮೊದಲು, ಯಾವುದು ಆಮೇಲೆ

ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಟೋಪೋಲಾಜಿಕಲ್ ಸಾರ್ಟ್ ನೆನಪಿದೆಯಾ? ಇಲ್ಲಿ ಅದೇ. ಅಗ್ಗದ ರೈಲು ಟಿಕೆಟ್ ನೋಡಿ ನಾವು ಆಸೆಪಟ್ಟು ಅದನ್ನೇ ಮೊದಲು ತಗೊಳ್ಳೋಣ ಅಂದಿದ್ವಿ. ವೀಸಾ ಸಿಗದಿದ್ದರೆ ಆ ದುಡ್ಡು ನೀರಿಗೆ. ಅದು ಅವರು ಒಂದು ವರ್ಷ ಕೂಡಿಟ್ಟ ದುಡ್ಡು. ಸರಿಯಾದ ಕ್ರಮ ಹೀಗೆ:

1. ಇಬ್ಬರ ಆಫೀಸಿನಲ್ಲೂ ರಜೆ ಬರವಣಿಗೆಯಲ್ಲಿ ಮಂಜೂರಾಗಬೇಕು.
2. ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ಹೋಟೆಲ್, ವಿಮಾನದ ಬುಕಿಂಗ್.
3. ಪ್ರಯಾಣ ವಿಮೆ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚಿನ ರಕ್ಷಣೆ ಇರಲೇಬೇಕು.
4. ವೀಸಾ ಅರ್ಜಿ. ಹೊರಡೋಕೆ ಆರು ತಿಂಗಳಿಗಿಂತ ಮೊದಲು ತಗೊಳ್ಳಲ್ಲ, 15 ದಿನಕ್ಕಿಂತ ತಡ ಆಗಬಾರದು. ವಾಪಸ್ ಬರೋ ದಿನದಿಂದ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.
5. ವೀಸಾ ಕೈಗೆ ಬಂದ ಮೇಲೆ ಅಗ್ಗದ ರೈಲು ಟಿಕೆಟ್, ಮ್ಯೂಸಿಯಂ ಟಿಕೆಟ್.

ಐದನೇದರಲ್ಲೂ ಒಂದು ಗುಂಡಿ ಇದೆ, ವಾರದ ರಜೆ. ಫ್ಲಾರೆನ್ಸ್‌ನ ಉಫಿಜಿ ಗ್ಯಾಲರಿಗೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೇ ಭಾನುವಾರ ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತೆ. ನಮ್ಮ ಮೊದಲ ಪ್ಲಾನ್‌ನಲ್ಲಿ ವ್ಯಾಟಿಕನ್ ಬಿದ್ದಿದ್ದು ಭಾನುವಾರ ಬೆಳಗ್ಗೆಯೇ!

ಹೆಜ್ಜೆ 6: ಕೈಕೊಟ್ಟರೆ ಏನು?

ಒಂದು ರೈಲು ಸಮಯಕ್ಕೆ ಬರೋ ಸಂಭವನೀಯತೆ 0.85 ಅಂತ ಇಟ್ಕೊಳ್ಳಿ. ಇದು ಲೆಕ್ಕಕ್ಕೋಸ್ಕರ ಹಿಡಿದ ಸಂಖ್ಯೆ ಅಷ್ಟೇ. ಆರು ರೈಲೂ ಸಮಯಕ್ಕೆ ಬರೋ ಸಂಭವ 0.85ರ ಆರನೇ ಘಾತ, ಸುಮಾರು 0.38. ಎರಡು ರೈಲಿಗೆ 0.72. ಊರು ಕಡಿಮೆ ಮಾಡಿದ್ದು ಇಲ್ಲೂ ಉಪಕಾರಕ್ಕೆ ಬಂತು.

ಇನ್ನೊಂದು ಪದ ಕಲೀಬೇಕು: ಶೋಪೆರೊ, ಅಂದ್ರೆ ಮುಷ್ಕರ. ಇಟಲಿಯಲ್ಲಿ ಇದು ಅಪರೂಪ ಅಲ್ಲ, ಆದರೆ ಮೊದಲೇ ಘೋಷಣೆ ಆಗಿರುತ್ತೆ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು ಅಂತ ನಿಯಮ ಇದೆ. ದೂರದ ರೈಲುಗಳಲ್ಲಿ ಯಾವುದು ಓಡೇ ಓಡುತ್ತೆ ಅನ್ನೋ ಪಟ್ಟಿನೂ ಇರುತ್ತೆ. ಬೋರ್ಡಿನಲ್ಲಿ 'ರಿತಾರ್ದೊ' ಅಂದ್ರೆ ತಡ, 'ಬಿನಾರಿಯೊ' ಅಂದ್ರೆ ಪ್ಲಾಟ್‌ಫಾರ್ಮ್. ರೈಲು ಒಂದು ಗಂಟೆ ತಡವಾದ್ರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆಯಾದ್ರೆ ಅರ್ಧ ಕೇಳಿ ಪಡೆಯೋ ಹಕ್ಕು ಯುರೋಪಿನ ಕಾನೂನಿನಲ್ಲಿದೆ.

ಕೊನೆಯ ರಾತ್ರಿ ಮಾತ್ರ ವಿಮಾನ ಹತ್ತೋ ಊರಿನಲ್ಲೇ ಇರಬೇಕು. ನಾವು ನೇಪಲ್ಸ್‌ನಲ್ಲಿ ಇಟ್ಟಿದ್ವಿ. ರೋಮ್‌ನಿಂದ ಬೆಳಗ್ಗೆ 11ಕ್ಕೆ ವಿಮಾನ ಅಂದ್ರೆ ಎಂಟಕ್ಕೆ ಫ್ಯುಮಿಚಿನೊ ಏರ್‌ಪೋರ್ಟ್. ಟೆರ್ಮಿನಿ ಸ್ಟೇಷನ್‌ನಿಂದ ಅಲ್ಲಿಗೆ 32 ನಿಮಿಷ, ನೇಪಲ್ಸ್‌ನಿಂದ ಟೆರ್ಮಿನಿಗೆ 70 ನಿಮಿಷ, ಮಧ್ಯೆ ಕಾಯೋದು ಬೇರೆ. ಬೆಳಗಿನ ಜಾವ ಆರರೊಳಗೆ ಹೊರಡಬೇಕು. ಒಂದು ರೈಲು ರದ್ದಾದ್ರೆ ವಿಮಾನವೇ ಹೋಯ್ತು.

ಕೊನೆಯ ಪ್ಲಾನ್

ಶನಿ, ಭಾನು, ಸೋಮ ವೆನಿಸ್. ಮಂಗಳವಾರ ರೈಲು. ಮಂಗಳ, ಬುಧ, ಗುರು ಫ್ಲಾರೆನ್ಸ್. ಗುರುವಾರ ಉಫಿಜಿ. ಶುಕ್ರವಾರ ರೈಲು. ಶುಕ್ರ, ಶನಿ, ಭಾನು ರೋಮ್. ಶನಿವಾರ ವ್ಯಾಟಿಕನ್, ಭಾನುವಾರ ಕೊಲೋಸಿಯಂ. ಸೋಮವಾರ ಮನೆ ಕಡೆ.

ನೀವೇ ಮಾಡಿ ನೋಡಿ

ಭಾವನಿಗೆ ಪಾಂಪೇ ನೋಡೋ ಆಸೆ. ಭಾನುವಾರ ರೋಮ್‌ನಿಂದ ಹೋಗಿ ಬರಬಹುದಾ? ಹೋಟೆಲ್‌ನಿಂದ ಸ್ಟೇಷನ್ 30 ನಿಮಿಷ, ಕಾಯೋದು 30, ನೇಪಲ್ಸ್‌ಗೆ 70, ರೈಲು ಬದಲಾಯಿಸೋಕೆ 30, ಚಿರ್ಕುಮ್‌ವೆಸುವಿಯಾನಾ ಲೋಕಲ್ ರೈಲಿನಲ್ಲಿ 40. ಹೋಗಿಬರೋದಕ್ಕೆ ಎಷ್ಟು? ಹತ್ತು ಗಂಟೆಯಲ್ಲಿ ಏನು ಉಳಿಯುತ್ತೆ? ಕೊಲೋಸಿಯಂ ಎಲ್ಲಿಗೆ ಹೋಗುತ್ತೆ? ನಮ್ಮ ಲೆಕ್ಕಕ್ಕೆ ಉಳಿಯೋದು ಮೂರು ಗಂಟೆ ಇಪ್ಪತ್ತು ನಿಮಿಷ. ಹೋಗಬೇಕೋ ಬೇಡವೋ ಅನ್ನೋದನ್ನು ಈ ಸಲ ನಾವು ಹೇಳಲಿಲ್ಲ. ಲೆಕ್ಕ ಕೊಟ್ಟು ಅವರಿಗೇ ಬಿಟ್ವಿ. ಇಬ್ಬರೂ ಇನ್ನೂ ಜಗಳ ಆಡ್ತಾ ಇದ್ದಾರೆ.

ವೀಸಾ ಅರ್ಜಿ ಹೋಗಿದೆ, ಪಾಸ್‌ಪೋರ್ಟ್ ಇನ್ನೂ ವಾಪಸ್ ಬಂದಿಲ್ಲ. ರೈಲು ಟಿಕೆಟ್ ದರ ದಿನಾ ಏರ್ತಾ ಇದೆ, ನಾವು ದಿನಾ ನೋಡ್ತಾ ಇದ್ದೀವಿ, ಮುಟ್ಟಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಬುಧವಾರದ ಖಾನೆ ಖಾಲಿ ಬಿಟ್ಟಿದ್ವಿ. ಮೊನ್ನೆ ತೆಗೆದು ನೋಡಿದ್ರೆ ಅದರಲ್ಲಿ ಅಕ್ಕ ಒಂದೇ ಪದ ಟೈಪ್ ಮಾಡಿದ್ದಾಳೆ: "ತಿಂಡಿ."