ಕುಂಡದಲ್ಲಿ ಗಡ್ಡೆ ಹೂಗಳ ಜೊತೆಗೆ ಲೋಳೆಸರ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಮನೆಯಂಗಳಗಳಲ್ಲಿ ಲೋಳೆಸರ, ಕಾಡುಬಸಳೆಯಂತಹ ರಸಭರಿತ ಗಿಡಗಳನ್ನು ಕುಂಡದಲ್ಲಿ ಬೆಳೆಸುವುದುಂಟು. ಬೇಸಿಗೆಯಲ್ಲಿ ಪುಷ್ಟವಾಗಿದ್ದ ಗಿಡ ಆಸಾಡಿಯ ಮಳೆಗೆ ಬುಡದಲ್ಲಿ ಮೆತ್ತಗಾಗಿ, ಎಳೆದರೆ ಕೈಗೆ ಬರುವುದನ್ನು ಹಲವರು ಕಂಡಿರಬಹುದು. ಇದಕ್ಕೆ ರೋಗವನ್ನಷ್ಟೇ ದೂರಿ ಫಲವಿಲ್ಲ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತಿದ್ದು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗದೆ ಮೊದಲು ಬೇರು ಸಾಯುತ್ತದೆ; ಕೊಳೆ ತರುವ ಶಿಲೀಂಧ್ರ ಅದರ ಹಿಂದೆ ಬರುತ್ತದೆ.

ಕೆಲವು ಗಡ್ಡೆ ಹೂಗಳ ಸ್ವಭಾವ ಬೇರೆ. ಮೇ ತಿಂಗಳ ಸುಮಾರಿಗೆ ಕೆಂಪು ಚೆಂಡಿನಂತಹ ಹೂ ಬಿಡುವ ಫುಟ್‌ಬಾಲ್ ಲಿಲ್ಲಿ ಮಳೆಗಾಲವಿಡೀ ಎಲೆ ಹರಡಿ, ಗಡ್ಡೆಯಲ್ಲಿ ಆಹಾರ ಕೂಡಿಟ್ಟು, ಮಳೆ ನಿಂತ ಮೇಲೆ ಒಣಗಿ ಮಲಗುತ್ತದೆ. ಲೋಳೆಸರಕ್ಕೆ ಅಂಗಳದ ಬಿಸಿಲು ಒಗ್ಗುವುದು ಆಗಲೇ. ಹೀಗಾಗಿ ಒಂದೇ ಕುಂಡವನ್ನು ಎರಡಕ್ಕೂ ಸರದಿಯಂತೆ ಬಳಸಬಹುದು.

35 ಸೆಂ.ಮೀ. ಬಾಯಿಯ ಕುಂಡದ ತಳಕ್ಕೆ 5 ಸೆಂ.ಮೀ. ಎತ್ತರ ಒಡೆದ ಹೆಂಚಿನ ಚೂರು ಹಾಕಬೇಕು. ಮಾಡು ಬದಲಿಸಿದ ಮನೆಗಳಲ್ಲಿ ಇದಕ್ಕೆ ಬರವಿಲ್ಲ! ಕೆಂಪು ಮಣ್ಣು, ದಪ್ಪ ಹೊಳೆಮರಳು, ಹಳೆಯ ಹಟ್ಟಿಗೊಬ್ಬರ ಸಮಪಾಲಾಗಿ ಬೆರೆಸಿ, ಹಿಡಿ ಸುಡುಮಣ್ಣು ಸೇರಿಸಿರಿ. ಕಡಲ ಮರಳಿನಲ್ಲಿ ಉಪ್ಪಿರುವುದರಿಂದ ಅದು ಬೇಡ. ನಡುವೆ, ತಳದಲ್ಲಿ ತೂತಿರುವ 15 ಸೆಂ.ಮೀ.ನ ಮಣ್ಣಿನ ಕುಂಡವನ್ನು ಅಂಚಿನವರೆಗೆ ಹೂಳಿ, ಲೋಳೆಸರವನ್ನು ಅದರಲ್ಲಿ ನೆಡಬೇಕು. ಈ ಒಳಕುಂಡಕ್ಕೆ ಮರಳು ಇಮ್ಮಡಿಯಿರಲಿ. ಸುತ್ತಲೂ ನಾಲ್ಕೈದು ಲಿಲ್ಲಿ ಗಡ್ಡೆಗಳನ್ನು ಕತ್ತು ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡಿರಿ.

ಮಳೆ ಹಿಡಿಯುವ ಮೊದಲೇ ಒಳಕುಂಡವನ್ನು ಎತ್ತಿ, ಬೆಳಕಿದ್ದು ಸೂರಿನ ನೀರು ಸಿಡಿಯದ ಜಗಲಿಯಲ್ಲಿಡಬೇಕು. ತೆರವಾದ ಗುಂಡಿಗೆ ತರಗೆಲೆ ತುಂಬಿದರೆ ಮಣ್ಣು ಕುಸಿಯದು. ಮಳೆ ನಿಂತು ಲಿಲ್ಲಿಯ ಎಲೆ ತಾನಾಗಿ ಹಳದಿಯಾದ ಮೇಲೆ ಲೋಳೆಸರ ಮರಳಿ ಅಂಗಳಕ್ಕೆ ಬರಲಿ. ಹಸಿರೆಲೆಯನ್ನು ಕತ್ತರಿಸಿದರೆ ಮುಂದಿನ ವರ್ಷದ ಹೂ ಹೋಯಿತೆಂದೇ ತಿಳಿಯಿರಿ. ಬೇಸಿಗೆಯಲ್ಲಿ ಒಳಕುಂಡಕ್ಕೆ ಮಾತ್ರ, ಮಣ್ಣು ಪೂರ್ತಿ ಒಣಗಿದಾಗ ನೀರು ಸಾಕು.

ಸುಗಂಧರಾಜವನ್ನು ಈ ಕುಂಡಕ್ಕೆ ಸೇರಿಸಬಾರದು. ಅದು ಕತ್ತಾಳೆಯ ಬಳಗದ್ದೇ ಆದರೂ ಬೇಸಿಗೆಯಲ್ಲಿ ಬೆಳೆಯುವಾಗ ತಪ್ಪದೆ ನೀರು ಬೇಡುತ್ತದೆ.

ಲಿಲ್ಲಿಯ ಗಡ್ಡೆ ನೋಡಲು ಈರುಳ್ಳಿಯಂತಿದ್ದು ವಿಷಕಾರಿ. ತೆಗೆದಿಟ್ಟ ಗಡ್ಡೆಗಳನ್ನು ಅಡಿಗೆಮನೆಯಲ್ಲಿ ಇಡದೆ, ಮಕ್ಕಳಿಗೂ ದನಕರುಗಳಿಗೂ ಸಿಗದ ಹಾಗೆ ಹೆಸರು ಬರೆದ ಚೀಲದಲ್ಲಿ ಕಟ್ಟಿ ತೂಗುಹಾಕಬೇಕು.