ಹಳೆಯ ಲ್ಯಾಪ್‌ಟಾಪು ಮತ್ತು ಮರೆತ ಗುಪ್ತಪದ

ಧಾರವಾಡದ ಪಶ್ಚಿಮದಂಚಿನ ಕೆಲಗೇರಿಯ ಒಂದು ಮನೆಯಲ್ಲಿ, ಕೆಲವು ವರ್ಷ ಕಪಾಟಿನಲ್ಲಿದ್ದ ಲ್ಯಾಪ್‌ಟಾಪೊಂದನ್ನು ಕಾಲೇಜು ಸೇರಿದ ತಮ್ಮನಿಗಾಗಿ ಹೊರತೆಗೆದರೆಂದು ಭಾವಿಸೋಣ. ಗುಂಡಿ ಒತ್ತಿದರೆ, ಕಪ್ಪು ಪರದೆಯ ಮೇಲೆ ಗುಪ್ತಪದವನ್ನು ಕೇಳುವ ಚಿಕ್ಕ ಚೌಕಟ್ಟು ಮಾತ್ರ ಮೂಡುತ್ತದೆ. ಪದವನ್ನಿಟ್ಟ ಅಣ್ಣನಿಗೆ ಅದು ನೆನಪಿಲ್ಲ. ಒಳಗಿರುವುದು ಅವನ ಪ್ರಬಂಧದ ಕರಡು ಮತ್ತು ಈಗಿಲ್ಲದ ಅಜ್ಜಿಯ ಚಿತ್ರಗಳು.

ಈ ಪ್ರಶ್ನೆಯನ್ನು ಕೇಳುತ್ತಿರುವುದು ಯಾವುದು ಎಂಬುದನ್ನು ಮೊದಲು ವಿಚಾರಿಸೋಣ. ಗುಂಡಿ ಒತ್ತಿದೊಡನೆ ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮುಖ್ಯ ಫಲಕದ ಮೇಲಿನ ಚಿಪ್ಪಿನಲ್ಲಿ ಅಡಗಿರುವ 'ಬಯೋಸ್' ಎಂಬ ಕಿರಿಯ ಪ್ರೋಗ್ರಾಮು. ಅದು ಸ್ಮೃತಿಯನ್ನೂ ಕೀಲಿಮಣೆಯನ್ನೂ ಪರೀಕ್ಷಿಸಿದ ಮೇಲೆ ಡಿಸ್ಕಿನಿಂದ ವಿಂಡೋಸನ್ನು ಕರೆತರುತ್ತದೆ. ನಮ್ಮ ಪ್ರಶ್ನೆ ಬರುವುದು ಈ ಕರೆತರುವಿಕೆಗೆ ಮುಂಚೆಯೇ. ಆದುದರಿಂದ ವಿಂಡೋಸನ್ನು ಅಳಿಸಿ ಹೊಸದಾಗಿ ತುಂಬಿದರೂ ಈ ಬಾಗಿಲು ತೆರೆಯದು.

"ಒಳಗಿನ ಬಿಲ್ಲೆಯಂಥ ಬ್ಯಾಟರಿಯನ್ನು ತೆಗೆದಿಡಿ, ಸರಿಹೋಗುತ್ತದೆ" ಎಂದು ಹೇಳುವವರುಂಟು. ಈ ಮಾತಿಗೆ ಆಧಾರವಿಲ್ಲದಿಲ್ಲ. ಐ.ಬಿ.ಎಂ. ಸಂಸ್ಥೆಯು ೧೯೮೪ರಲ್ಲಿ ಹೊರತಂದ ಪಿ.ಸಿ. ಏ.ಟಿ. ಯಂತ್ರದಲ್ಲಿ ಗಡಿಯಾರದ ಚಿಪ್ಪಿನೊಳಗೆ ೬೪ ಬೈಟುಗಳ ಪುಟ್ಟ ಸ್ಮೃತಿಯಿದ್ದು, ಬ್ಯಾಟರಿಯ ಬಲದಿಂದ ಬದುಕಿರುತ್ತಿತ್ತು. ಇಂಥ ಸ್ಮೃತಿಯಲ್ಲಿ ಗುಪ್ತಪದವನ್ನಿಟ್ಟ ಮೇಜಿನ ಗಣಕಗಳಲ್ಲಿ, ೩ ವೋಲ್ಟಿನ ಬ್ಯಾಟರಿಯನ್ನು ತೆಗೆದರೆ ಸ್ಮೃತಿ ಅಳಿದು ಗುಪ್ತಪದವೂ ಹೋಗುತ್ತಿತ್ತು. ಆದರೆ ಲ್ಯಾಪ್‌ಟಾಪು ಕಳುವಾಗುವ ವಸ್ತು. ಅದಕ್ಕಾಗಿ ಬಹುಪಾಲು ತಯಾರಕರು ಗುಪ್ತಪದವನ್ನು ವಿದ್ಯುತ್ತಿಲ್ಲದೆಯೂ ಅಳಿಯದ ಬೇರೊಂದು ಚಿಪ್ಪಿನಲ್ಲಿಟ್ಟರು. ಅಲ್ಲಿ ಬ್ಯಾಟರಿ ತೆಗೆದರೆ ಗಡಿಯಾರ ಕೆಡುತ್ತದೆ, ಬೀಗ ಹಾಗೆಯೇ ಉಳಿಯುತ್ತದೆ. ಆ ಚಿಪ್ಪಿನ ಕಾಲುಗಳನ್ನು ತಂತಿಯಿಂದ ಜೋಡಿಸುವ ಸಾಹಸವೂ ಪ್ರಚಾರದಲ್ಲಿದೆ. ಫಲಕವೇ ಸುಟ್ಟುಹೋಗಬಹುದಾದ್ದರಿಂದ ನಾವು ಅದನ್ನು ಸಲಹೆ ಮಾಡುವುದಿಲ್ಲ.

ಬಿಚ್ಚುವುದಕ್ಕೆ ಮುನ್ನ ಕೀಲಿಮಣೆಯನ್ನು ನೋಡುವುದು ಜಾಣತನ. ಅನೇಕ ಹಳೆಯ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ 'ನಮ್ ಲಾಕ್' ಚಾಲೂ ಇದ್ದರೆ ಬಲಗೈಯ ಅಕ್ಷರಗಳು ಅಂಕಿಗಳಾಗುತ್ತವೆ: 'ಯು' ೪, 'ಜೆ' ೧, 'ಎಂ' ೦. 'ಮಂಜು' ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ನೋಡಿ. ಐದು ಅಕ್ಷರಗಳಲ್ಲಿ ಮೂರು ಅಂಕಿಗಳಾಗಿಬಿಡುತ್ತವೆ! ಪರದೆಯಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ಇದು ತಿಳಿಯುವುದೇ ಇಲ್ಲ. ನೆನಪಿದ್ದ ಸರಿಯಾದ ಪದವೇ ಹೀಗೆ ತಪ್ಪಾಗಿರಬಹುದು.

ಮೂರು ಸಲ ತಪ್ಪಿದರೆ ಕೆಲವು ಯಂತ್ರಗಳು ಒಂದು ಸಂಖ್ಯೆಯನ್ನು ತೋರಿಸಿ ಸ್ತಬ್ಧವಾಗುತ್ತವೆ. ಅದನ್ನು ಬರೆದಿಟ್ಟುಕೊಳ್ಳಬೇಕು. ಕೆಲವು ತಯಾರಕರು ಆ ಸಂಖ್ಯೆಯಿಂದ, ಒಂದು ಸೂತ್ರದ ಮೂಲಕ, ಬಿಡುಗಡೆಯ ಪದವನ್ನು ಗಣಿಸಿ ಕೊಡಬಲ್ಲರು. ಯಂತ್ರವು ನಿಮ್ಮದೆಂಬುದಕ್ಕೆ ಖರೀದಿಯ ರಸೀದಿಯನ್ನು ಕೇಳುವುದೂ ಉಂಟು. ಬೇರೆ ಕೆಲವು ಮಾದರಿಗಳಲ್ಲಿ ಮುಖ್ಯ ಫಲಕವನ್ನೇ ಬದಲಿಸದೆ ಗತ್ಯಂತರವಿಲ್ಲ. ಬಳಸಿದ ಯಂತ್ರವನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಅದನ್ನು ನಿಲ್ಲಿಸಿ, ಮತ್ತೆ ಹೊತ್ತಿಸಿ ನೋಡುವುದು ಇದಕ್ಕಾಗಿಯೇ ಅವಶ್ಯ.

ಅಜ್ಜಿಯ ಚಿತ್ರಗಳ ಮಾತೇನು? ಬಯೋಸಿನ ಬೀಗವಿರುವುದು ಫಲಕದ ಮೇಲೆ, ಚಿತ್ರಗಳಿರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಗಣಕಕ್ಕೆ ಜೋಡಿಸಿದರೆ ಸಾಮಾನ್ಯವಾಗಿ ಕಡತಗಳನ್ನು ಓದಬಹುದು. ಅಡ್ಡಿಗಳು ಎರಡು. ಡಿಸ್ಕಿಗೇ ಪ್ರತ್ಯೇಕ ಗುಪ್ತಪದವನ್ನಿಟ್ಟಿದ್ದರೆ, ಆ ಬೀಗವು ಡಿಸ್ಕಿನೊಡನೆಯೇ ಹೊಸ ಗಣಕಕ್ಕೂ ಬರುತ್ತದೆ. 'ಬಿಟ್‌ಲಾಕರ್' ವಿಧಾನದಿಂದ ಬರಹವನ್ನೇ ಗೂಢಲಿಪಿಯಾಗಿಸಿದ್ದರೆ ೪೮ ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕು. ಅಣ್ಣನು ಅದನ್ನು ಕಾಗದದಲ್ಲಿ ಮುದ್ರಿಸಿಟ್ಟಿರಬಹುದು, ಅಥವಾ ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರಬಹುದು.